ದಿಕ್ಕು ತಿಳಿಯದವಳ ಜಿಪಿಎಸ್

ನನಗೆ ದಿಕ್ಕು ತಿಳಿಯುವುದಿಲ್ಲ ಎನ್ನುವುದು ನಮ್ಮ ಮನೆಯಲ್ಲಿ ಮೂವತ್ತು ವರ್ಷಗಳ ಹಿಂದೆಯೇ ತೀರ್ಮಾನವಾದ ಸಂಗತಿ. ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದ ಮೊದಲ ವಾರ, ಸ್ಟೇಷನ್ನಿನ ಪೂರ್ವಕ್ಕೆ ಇಳಿಯಬೇಕಾದವಳು ಪಶ್ಚಿಮಕ್ಕೆ ಇಳಿದು, ಒಂದು ಗಂಟೆ ಅಲೆದು, ಯಾರದೋ ಕಟ್ಟಡದ ವಾಚ್‌ಮನ್ ಹತ್ತಿರ ನಮ್ಮ ಮನೆ ಎಲ್ಲಿ ಎಂದು ಕೇಳಿದ್ದೆ. ಆ ಕತೆಯನ್ನು ನಮ್ಮ ಯಜಮಾನರು ಮದುವೆ, ಉಪನಯನ, ಕನ್ನಡ ಸಂಘದ ಊಟ ಎಂದು ಎಲ್ಲ ಪಂಕ್ತಿಯಲ್ಲೂ ಬಡಿಸಿದ್ದಾರೆ. ಥಾಣೆಯ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ನಾನು ನಿವೃತ್ತಿಯವರೆಗೆ ಕೆಲಸ ಮಾಡಿದೆ. ದಿನವಿಡೀ ಲಕೋಟೆಗಳ ಮೇಲೆ ಥಾಣೆ ಪಶ್ಚಿಮ, ಕಲ್ಯಾಣ ಪೂರ್ವ ಎಂದು ಬರೆದವಳಿಗೆ ಪೂರ್ವ ಯಾವುದು, ಪಶ್ಚಿಮ ಯಾವುದು ಗೊತ್ತಿಲ್ಲ ಎಂದರೆ ಯಾರಿಗೆ ನಗು ಬಾರದು? ನನಗೆ ಮಾತ್ರ ಬರುತ್ತಿರಲಿಲ್ಲ.

ಇವರು ಇದಕ್ಕೆ ಪೂರಾ ಉಲ್ಟಾ. ಭಾನುವಾರ ಬಂತೆಂದರೆ ಸಂಘದ ಹತ್ತು ಹನ್ನೆರಡು ಜನರನ್ನು ಕಟ್ಟಿಕೊಂಡು ಮುಂಬ್ರಾದ ಗುಡ್ಡ, ಕಲ್ಯಾಣದ ಆಚೆಯ ಮಲಂಗಗಡ, ನವಿ ಮುಂಬಯಿಯ ಖಾರ್‌ಘರ್ ಗುಡ್ಡ ಹತ್ತಿಸುವುದು ಇವರ ಇಪ್ಪತ್ತು ವರ್ಷದ ಹುಚ್ಚು. ಕೈಯಲ್ಲಿ ನಕ್ಷೆ ಇಲ್ಲ, ಯಾರನ್ನೂ ಕೇಳುವುದೂ ಇಲ್ಲ. ಒಂದು ಸಲ ನಡೆದ ದಾರಿ ಇವರ ತಲೆಯಲ್ಲಿ ಅಚ್ಚೊತ್ತಿ ಕೂರುತ್ತಿತ್ತು. ನಾನು ಯಾವಾಗಲೂ ಸಾಲಿನ ಕೊನೆಯವಳು, ಮುಂದಿನವರ ಹಿಮ್ಮಡಿ ನೋಡಿಕೊಂಡು ಹತ್ತುವವಳು.

ಮೂರು ವರ್ಷದ ಹಿಂದೆ ಇವರ ಕಣ್ಣಿನ ನಡುಭಾಗ ಮಸುಕಾಗತೊಡಗಿತು. ಅಂಚಿನಲ್ಲಿ ಎಲ್ಲ ಕಾಣುತ್ತದೆ, ನಡೆಯಲು, ಮೆಟ್ಟಿಲು ಇಳಿಯಲು ತೊಂದರೆಯಿಲ್ಲ. ನೇರವಾಗಿ ನೋಡಿದ್ದು ಮಾತ್ರ ಕಾಣುವುದಿಲ್ಲ. ಎದುರಿಗೆ ಬಂದವರ ಮುಖ, ರೈಲಿನ ಬೋರ್ಡು, ಬಂಡೆಯ ಮೇಲೆ ಯಾರೋ ಬಳಿದ ಬಾಣದ ಗುರುತು, ಎಲ್ಲ ಹೋಯಿತು. ಇನ್ನು ಇಷ್ಟೇ, ಇದಕ್ಕಿಂತ ಸುಧಾರಿಸುವುದಿಲ್ಲ ಎಂದರು ಡಾಕ್ಟರು. ಅದನ್ನು ಇವರು ಸಹಿಸಿಕೊಂಡರು. ಸಹಿಸಲಾಗದ್ದು ಆದದ್ದು ಕಳೆದ ವರ್ಷದ ಖಾರ್‌ಘರ್ ಚಾರಣಕ್ಕೆ ಮುಂಚೆ. ಇವರ ಬದಲಿಗೆ ಮುಂದಾಳಾಗಿದ್ದ ಹುಬ್ಬಳ್ಳಿಯವರೊಬ್ಬರು ಫೋನ್ ಮಾಡಿ, "ಸರ, ನೀವು ಕಾರಿನ್ಯಾಗ ಬರ್ರಿ. ಕೆಳಗ ಕುಂತು ನಮ್ಮ ಊಟದ ಡಬ್ಬಿ ನೋಡ್ಕೊಂಡಿರ್ರಿ" ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಇವರು "ಆಯ್ತು" ಎಂದು ಫೋನ್ ಇಟ್ಟು, ಚಾರಣದ ಬೂಟು ತೆಗೆದು ಅಟ್ಟಕ್ಕೆ ಎಸೆದರು. ಆಮೇಲೆ ಹಾಲಿನ ಅಂಗಡಿಗೂ ಹೋಗುವುದನ್ನು ನಿಲ್ಲಿಸಿದರು. ಬೆಳಗ್ಗೆಯಿಂದ ಸಂಜೆಯವರೆಗೆ ಟಿವಿಯ ಎದುರು, ಕಾಣದ ಕ್ರಿಕೆಟ್ಟನ್ನು ಕೇಳುತ್ತಾ ಕೂರುವುದು.

ಒಂದು ದಿನ ತಡೆಯಲಾಗದೆ, "ಈ ಸಲ ಖಾರ್‌ಘರ್ ಗುಡ್ಡಕ್ಕೆ ನಿಮ್ಮನ್ನು ನಾನು ಕರ್ಕೊಂಡು ಹೋಗ್ತೇನೆ" ಎಂದುಬಿಟ್ಟೆ.

"ನೀನಾ?" ಒಂದು ವರ್ಷದಲ್ಲಿ ಮೊದಲ ಸಲ ಇವರು ಹೊಟ್ಟೆ ತುಂಬಾ ನಕ್ಕರು. "ನಿನ್ನನ್ನು ಹುಡುಕಲಿಕ್ಕೆ ಇನ್ನೊಬ್ಬ ಜನ ಬೇಕಾದೀತು ಮಾರಾಯ್ತಿ."

"ನಗಬೇಡಿ. ನಾನು ದಾರಿ ಕಲೀತೇನೆ."

ನಗು ನಿಂತಿತು. ಇವರು ಹೇಳಿದರು: "ಒಂದೇ ಸಲ ಬರ್ತೇನೆ. ನಡುವೆ ಎಲ್ಲಾದ್ರೂ ‘ನನಗೆ ಗೊತ್ತಾಗ್ತಾ ಇಲ್ಲ’ ಅಂತ ನೀನು ಹೇಳಿದ್ರೆ ಅಲ್ಲಿಂದಲೇ ವಾಪಸು. ಮತ್ತೆ ಜನ್ಮದಲ್ಲಿ ಗುಡ್ಡದ ಸುದ್ದಿ ಎತ್ತಬಾರದು." ನಾನು ಒಪ್ಪಿದೆ.

ಕೋಪರಖೈರಣೆಯಲ್ಲಿ ಬೆನ್ನಿನ ಚೀಲ, ಹಗ್ಗ, ಟಾರ್ಚು ಮಾರುವ ಒಂದು ಸಣ್ಣ ಅಂಗಡಿ ಉಂಟು. ಅಲ್ಲಿಯೇ ನಾನು ಆ ಜಿಪಿಎಸ್ ಯಂತ್ರವನ್ನು ಕೊಂಡದ್ದು. ಅಂಗೈಯಷ್ಟು ಉದ್ದ, ಸಾಬೂನಿನಷ್ಟು ದಪ್ಪ, ಪಕ್ಕದಲ್ಲಿ ರಬ್ಬರಿನ ಗುಂಡಿಗಳು, ಒಳಗೆ ಎರಡು ಪೆನ್ಸಿಲ್ ಸೆಲ್ಲು. ಫೋನಿನಲ್ಲೇ ಎಲ್ಲ ಇದೆಯಲ್ಲ ಎಂದು ಮಗಳು ಹಿಂದಿಯಲ್ಲಿ ರಾಗ ಎಳೆದಳು. ಫೋನು ಒದ್ದೆ ಬೆರಳಿಗೆ ಮಾತು ಕೇಳುವುದಿಲ್ಲ, ಮಧ್ಯಾಹ್ನಕ್ಕೆ ಚಾರ್ಜು ಮುಗಿಸುತ್ತದೆ, ಮತ್ತು ಸರಿಯಾಗಿ ಕವಲು ದಾರಿಯಲ್ಲಿ ನಿಂತಾಗ ನನ್ನ ನಾದಿನಿಯ ಕರೆ ಬರುತ್ತದೆ. ನನಗೆ ಒಂದೇ ಕೆಲಸ ಮಾಡುವ, ಗುಂಡಿ ಒತ್ತಿದರೆ ಒತ್ತಿದೆ ಎಂದು ಗೊತ್ತಾಗುವ ಸಾಮಾನು ಬೇಕಿತ್ತು.

ಮನೆಗೆ ತಂದು ನಡುಮನೆಯಲ್ಲಿ ಕೂತು ಶುರುಮಾಡಿದೆ. ಉಪಗ್ರಹ ಹುಡುಕುತ್ತಿದ್ದೇನೆ ಎಂದು ಅರ್ಧ ಗಂಟೆ ತೋರಿಸಿತು. ಬಾಲ್ಕನಿಗೆ ಹೋದೆ. ಅಲ್ಲಿ ಗ್ರಿಲ್ಲು, ಗ್ರಿಲ್ಲಿನಾಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಪಕ್ಕದ ಕಟ್ಟಡ. ಅಂಗಡಿಯವನಿಗೆ ಫೋನ್ ಮಾಡಿ ಬೈದೆ. ಅವನು ಶಾಂತವಾಗಿ, "ಮೇಡಂ, ಆಸ್ಮಾನ್ ದಿಖಾವೋ ಉಸ್ಕೋ" ಎಂದ. ಹೌದಲ್ಲ, ಆಕಾಶ ತೋರಿಸದೆ ಆಕಾಶದ್ದನ್ನು ಹುಡುಕು ಎಂದರೆ ಅದಾದರೂ ಏನು ಮಾಡೀತು? ಸೊಸೈಟಿಯ ಸೆಕ್ರೆಟರಿಯ ಹತ್ತಿರ ಟೆರೇಸಿನ ಕೀಲಿ ಕೇಳಿದೆ. ಹಪ್ಪಳಕ್ಕಾ ಎಂದು ಕೇಳಿದರು. ಹೂಂ ಎಂದೆ. ಟೆರೇಸಿನಲ್ಲಿ ಐದೇ ನಿಮಿಷಕ್ಕೆ ನಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ಬಂತು. ಹರ್ಷದಿಂದ ಸಮಯ ಸರಿಮಾಡಿದೆ, ಮೈಲನ್ನು ಕಿಲೋಮೀಟರು ಮಾಡಿದೆ, ಯಾವ ಜಾತಿಯ ಸೆಲ್ಲು ಎನ್ನುವುದನ್ನೂ ಹೇಳಿದೆ. ಅದನ್ನು ಹೇಳದಿದ್ದರೆ ಬ್ಯಾಟರಿ ಎಷ್ಟು ಉಳಿದಿದೆ ಎಂಬ ಲೆಕ್ಕವನ್ನು ಅದು ತಪ್ಪು ತೋರಿಸುತ್ತದಂತೆ.

ಬಾಣ ಮಾತ್ರ ಹುಚ್ಚು ಹಿಡಿದ ಹಾಗೆ ಸುತ್ತುತ್ತಿತ್ತು. ಮತ್ತೆ ಫೋನು. "ಖಡೇ ಮತ್ ರಹೋ ಮೇಡಂ, ಚಲ್ತೇ ರಹೋ. ತಭೀ ದಿಶಾ ಬತಾಯೇಗಾ." ನಿಂತವರಿಗೆ ಅದು ದಿಕ್ಕು ಹೇಳುವುದಿಲ್ಲ, ನಾಲ್ಕು ಹೆಜ್ಜೆ ಹಾಕಿದರೆ ಹೇಳುತ್ತದೆ. ಟೆರೇಸಿನಲ್ಲಿ ದೇವರಿಗೆ ಪ್ರದಕ್ಷಿಣೆ ಹಾಕಿದ ಹಾಗೆ ಸುತ್ತು ಹಾಕಿದೆ. ಬಾಣ ಸರಿಯಾಯಿತು.

ನನ್ನ ಖುಷಿ ಆ ಸಂಜೆಯವರೆಗೆ ಮಾತ್ರ. ಸ್ಟೇಷನ್ನಿನ ಬಾಗಿಲಲ್ಲಿ ನಿಂತು ಆ ಜಾಗವನ್ನು ಗುರುತು ಮಾಡಿಕೊಂಡೆ. ಮನೆಗೆ ಬಂದು, ಟೆರೇಸು ಹತ್ತಿ, ಸ್ಟೇಷನ್ ಎಲ್ಲಿದೆ ಎಂದು ಕೇಳಿದೆ. ಉತ್ತರಕ್ಕೆ ಎಂದಿತು. ನಾವಿರುವುದು ಡೊಂಬಿವಲಿ ಪೂರ್ವದಲ್ಲಿ. ಪೂರ್ವದವರಿಗೆ ಸ್ಟೇಷನ್ ಪಶ್ಚಿಮಕ್ಕಲ್ಲದೆ ಉತ್ತರಕ್ಕೆ ಹೇಗೆ ಇರುತ್ತದೆ? ಎಲ್ಲ ಅಳಿಸಿ ಮೊದಲಿನಿಂದ ಶುರುಮಾಡಿದೆ. ಉತ್ತರ. ಸೆಲ್ಲು ಬದಲಿಸಿದೆ. ಮತ್ತೂ ಉತ್ತರ. ಮರುದಿನ ಥಾಣೆಯಲ್ಲಿ ಗಾಡಿ ಬದಲಿಸಿ ಕೋಪರಖೈರಣೆಗೆ ಹೋಗಿ, ಯಂತ್ರವನ್ನು ಅಂಗಡಿಯ ಗಾಜಿನ ಮೇಲೆ ಕುಕ್ಕಿ, ಇದು ಕೆಟ್ಟಿದೆ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನೂ ಹಾಗೆಯೇ ಕಂಡಿರಬೇಕು.

ಅಂಗಡಿಯವನು ಒಂದು ಚೀಟಿಯ ಹಿಂಭಾಗದಲ್ಲಿ ಗೆರೆ ಎಳೆದ. ಮುಂಬಯಿಯಿಂದ ಥಾಣೆಯವರೆಗೆ ಹಳಿ ಹೆಚ್ಚು ಕಡಿಮೆ ಉತ್ತರಕ್ಕೆ ಹೋಗುತ್ತದೆ. ಹಾಗಾಗಿ ಒಂದು ಬದಿ ಪೂರ್ವ, ಒಂದು ಬದಿ ಪಶ್ಚಿಮ, ಸರಿ. ಥಾಣೆ ದಾಟಿದ ಕೂಡಲೆ ಹಳಿ ಬಲಕ್ಕೆ ತಿರುಗಿ ಮುಂಬ್ರಾ ಕಡೆಗೆ ಪೂರ್ವಕ್ಕೆ ಓಡುತ್ತದೆ, ಮುಂದೆ ಕಲ್ಯಾಣದವರೆಗೆ ಓರೆಯಾಗಿ ಹೋಗುತ್ತದೆ. ನೀವು ಪೂರ್ವ ಎನ್ನುವುದು ನಿಜದಲ್ಲಿ ದಕ್ಷಿಣದ ಕಡೆಗಿದೆ ಎಂದು ಹಿಂದಿಯಲ್ಲಿ ವಿವರಿಸಿದ. ಕೊನೆಗೆ ಅವನೆಂದ ಮಾತು ನಾನು ಸಾಯುವವರೆಗೆ ಮರೆಯುವುದಿಲ್ಲ: "ಪಟ್ರೀ ಘೂಮ್ ಗಯೀ ಮೇಡಂ, ಬೋರ್ಡ್ ನಹೀ ಘೂಮಾ."

ಹಳಿ ತಿರುಗಿತು, ಬೋರ್ಡು ತಿರುಗಲಿಲ್ಲ ಎಂಬ ಆ ಮಾತನ್ನು ನಾನು ಆಗ ನಂಬಲಿಲ್ಲ. ಮರಳುವಾಗ ಥಾಣೆಯಿಂದ ಸ್ಲೋ ಗಾಡಿಯ ಮಹಿಳಾ ಡಬ್ಬಿಯಲ್ಲಿ ಕಿಟಕಿಯ ಸೀಟು ಹಿಡಿದು ಯಂತ್ರವನ್ನು ಸರಳಿಗೆ ಒತ್ತಿ ಕೂತೆ. ಪಕ್ಕದವಳು ಸಕ್ಕರೆ ಕಾಯಿಲೆ ನೋಡುವುದಾ ಎಂದು ಮರಾಠಿಯಲ್ಲಿ ಕೇಳಿದಳು. ಕಳವಾ ಬಿಟ್ಟು, ಖಾಡಿಯ ಹಿನ್ನೀರು ಒಂದು ಬದಿ, ಗುಡ್ಡ ಒಂದು ಬದಿ ಬಂದು, ಗಾಡಿ ಮುಂಬ್ರಾಕ್ಕೆ ಓಡುವಾಗ ಪರದೆಯಲ್ಲಿ ಪೂರ್ವ ಎಂದು ಬಂತು. ದಿವಾದವರೆಗೂ ಪೂರ್ವ. ನನಗೆ ಅಳು ಬಂತು. ಉಡುಪಿಯಲ್ಲಿ ಹುಟ್ಟಿದವಳು ನಾನು. ಕಡಲು ಇರುವುದು ಪಶ್ಚಿಮ, ಸೂರ್ಯ ಮುಳುಗುವುದು ಪಶ್ಚಿಮ, ಅಷ್ಟು ಗೊತ್ತಿದ್ದರೆ ಊರಲ್ಲಿ ಯಾರೂ ದಾರಿ ತಪ್ಪುವುದಿಲ್ಲ. ಆ ಲೆಕ್ಕ ಇಟ್ಟುಕೊಂಡು ಡೊಂಬಿವಲಿಗೆ ಬಂದರೆ ಇಲ್ಲಿ ಸೂರ್ಯ ಒಂದು ಕಡೆ, ಬೋರ್ಡು ಇನ್ನೊಂದು ಕಡೆ. ಸೂರ್ಯನನ್ನು ನಂಬಿದ ತಪ್ಪಿಗೆ ಮೂವತ್ತು ವರ್ಷ ನಗೆಪಾಟಲಾದೆ. ನೆಲ ನಿಜಕ್ಕೂ ಡೊಂಕಾಗಿತ್ತು! ಮನೆಗೆ ಹೋಗಿ ಇವರಿಗೆ ಹೇಳಬೇಕೆಂದು ನಾಲಿಗೆ ತುರಿಸಿತು. ಹೇಳಲಿಲ್ಲ. ಮಾತಿನಲ್ಲಿ ಗೆಲ್ಲುವುದು ನನಗೆ ಬೇಕಿರಲಿಲ್ಲ, ಇವರು ಗುಡ್ಡದ ಮೇಲೆ ನಿಲ್ಲುವುದು ಬೇಕಿತ್ತು.

ಯಂತ್ರಕ್ಕೂ ಅದರದೇ ಮೊಂಡುತನ ಉಂಟು. ಒಂದು ಜಾಗಕ್ಕೆ ಹೋಗಬೇಕು ಎಂದರೆ ಕಾಗೆ ಹಾರುವ ಹಾಗೆ ನೇರ ಗೆರೆ ಎಳೆದು ತೋರಿಸುತ್ತದೆ. ಡೊಂಬಿವಲಿಯ ತರಕಾರಿ ಮಾರ್ಕೆಟ್ಟಿಗೆ ಹಾಗೆ ಹೊರಟು ನಾನು ಒಬ್ಬರ ಅಡುಗೆಮನೆಯ ಹಿಂಬಾಗಿಲಿಗೆ, ಆಮೇಲೆ ಒಂದು ನಾಲೆಯ ದಂಡೆಗೆ ಬಂದು ನಿಂತೆ. ಗುಡ್ಡದಲ್ಲಿ ಅದೇ ನೇರ ಗೆರೆ ಕಮರಿಗೆ ಕರೆದೊಯ್ಯುತ್ತದೆ. ನಂಬಬೇಕಾದದ್ದು ನಡೆದ ದಾರಿಯ ಗೆರೆಯನ್ನು. ಅಂದರೆ ಯಾರಾದರೂ ಮೊದಲು ಯಂತ್ರ ಹಿಡಿದು ನಡೆಯಬೇಕು.

ನಡೆದದ್ದು ನಾನೇ, ಆದರೆ ದಾರಿ ತೋರಿಸಿದ್ದು ಇನ್ನೊಬ್ಬಳು. ಖಾರ್‌ಘರ್ ಗುಡ್ಡದ ಮೇಲೆ ಆದಿವಾಸಿಗಳ ವಾಡಿಗಳಿವೆ, ನಾಲ್ಕಾರು ಗುಡಿಸಲಿನ ಪುಟ್ಟ ಹಳ್ಳಿಗಳು. ಅಲ್ಲಿಂದ ಕಾಡುಸೊಪ್ಪು ತಂದು ಖಾರ್‌ಘರ್ ಸ್ಟೇಷನ್ನಿನ ಹೊರಗೆ ಮಾರುವ ಹೆಂಗಸೊಬ್ಬಳ ಹತ್ತಿರ ಸೊಪ್ಪು ಕೊಳ್ಳುತ್ತಾ ಮಾತು ಬೆಳೆಸಿದೆ. ತಂಗಿಯ ಮನೆಗೆ ಎಂದು ಇವರಿಗೆ ಸುಳ್ಳು ಹೇಳಿ ಮೂರು ಸಲ ಅವಳ ಜತೆ ಗುಡ್ಡ ಹತ್ತಿದೆ, ಇಳಿದೆ. ಅವಳು ಬರಿಗಾಲಲ್ಲಿ, ತಲೆಯ ಮೇಲೆ ಖಾಲಿ ಬುಟ್ಟಿ ಇಟ್ಟುಕೊಂಡು, ನಾನು ಏದುಸಿರು ಬಿಡುತ್ತಾ. ಹುಣಸೆಮರ, ಮೇಲಿನ ಬಯಲಿನ ಅಂಚಿನಲ್ಲಿ ಬಿರುಕು ಬಿಟ್ಟ, ನೀರು ತುಂಬುವ ಸಿಮೆಂಟಿನ ಟಾಕಿ, ಕೊನೆಗೆ ವಾಡಿಯ ಪಕ್ಕದ ದೊಡ್ಡ ಬಂಡೆ, ಎಲ್ಲವನ್ನೂ ಒಂದೊಂದೇ ಅಕ್ಷರ ಗುಂಡಿಯಲ್ಲಿ ಒತ್ತಿ ಹೆಸರಿಟ್ಟು ಗುರುತು ಮಾಡಿದೆ. ಪರದೆಯಲ್ಲಿ ನಮ್ಮ ದಾರಿಯ ಗೆರೆ ತೋರಿಸಿದಾಗ ಅವಳು ಬೆರಳಿಟ್ಟು ನೋಡಿ, "ಹೇ ಮಾಝೇ ಪಾಯ್" ಎಂದಳು. ಇವು ನನ್ನ ಕಾಲುಗಳು. ಅದಕ್ಕಿಂತ ಸರಿಯಾಗಿ ನನಗೂ ಹೇಳಲು ಬರುವುದಿಲ್ಲ.

ನವರಾತ್ರಿಗೆ ಮುಂಚಿನ ಭಾನುವಾರ ಸಂಘದ ಚಾರಣ. ಇವರು ಅಟ್ಟದಿಂದ ತಾವೇ ಬೂಟು ಇಳಿಸಿಕೊಂಡರು. ಅವರ ಜತೆ ಬೇಡ, ನಾವಿಬ್ಬರೇ ಮುಂಚೆ ಹೊರಡುವಾ ಎಂದರು. ಖಾರ್‌ಘರ್‌ನಲ್ಲಿ ಇಳಿದಾಗ ಬೆಳಕು ಹರಿದಿತ್ತಷ್ಟೆ. ಹುಣಸೆಮರದವರೆಗೆ ಸಲೀಸು. ಇವರು ಕೋಲೂರಿಕೊಂಡು ನನ್ನ ಬೆನ್ನಿಗೇ ಬರುತ್ತಿದ್ದರು, ಮಾತಿಲ್ಲ. ಮೇಲಿನ ಬಯಲಿಗೆ ಕಾಲಿಡುವ ಹೊತ್ತಿಗೆ ಮಂಜು ಇಳಿಯಿತು. ಕೆಳಗಿನ ಬೇಲಾಪುರದ ಕಟ್ಟಡಗಳು, ಖಾಡಿ, ಎದುರಿನ ಮರ, ಎಲ್ಲ ಒಂದೇ ಬಿಳಿ. ಎದೆಮಟ್ಟದ ಹುಲ್ಲು, ಅದರ ನಡುವೆ ದನ ಓಡಾಡಿದ ಹತ್ತಾರು ಸೀಳು. ಸಿಮೆಂಟಿನ ಟಾಕಿಯ ಹತ್ತಿರ ದಾರಿ ಎರಡಾಯಿತು.

"ಟಾಕಿ ಬಂತಲ್ಲ? ಬಲಕ್ಕೆ ತಗೋ" ಎಂದರು ಇವರು. ಕೈ ತಾಗಿಸಿ ಟಾಕಿ ಗುರುತಿಸಿದ್ದರು.

ಯಂತ್ರ ನೋಡಿದೆ. ನಿಂತಿದ್ದೆನಲ್ಲ, ಬಾಣ ಗಿರಗಿರ ಸುತ್ತಿತು. ದಾರಿ ತಪ್ಪುವ ಆ ಹಳೆಯ ಭಯ ಮತ್ತೆ ಬಂತು. ಸೊಪ್ಪಿನವಳ ಜತೆ ಬಂದಾಗ ಬಿಸಿಲಿತ್ತು. ಈಗ ಎಡವೂ ಬಲವೂ ಒಂದೇ ಹಾಗೆ. ಬಲಕ್ಕೆ ಹತ್ತು ಹೆಜ್ಜೆ ನಡೆದೆ. ಬಾಣ ನಿಂತಿತು, ನಾನು ಗೆರೆ ಬಿಟ್ಟು ಹೊರಗೆ ಹೋಗುತ್ತಿದ್ದೆ. ಹಿಂದೆ ಬಂದು ಎಡಕ್ಕೆ ಹೆಜ್ಜೆ ಹಾಕತೊಡಗಿದೆ.

"ಎಂತ ಮಾಡ್ತಾ ಇದ್ದಿ, ಆಚೆ ಈಚೆ?" ಇವರು ಹಿಂದಿನಿಂದ ಕೇಳಿದರು. "ಗೊತ್ತಾಗ್ತಾ ಇಲ್ಲ ಅಂತ ಹೇಳು. ವಾಪಸು ಹೋಗುವಾ. ನಾನು ಬೇಜಾರು ಮಾಡುದಿಲ್ಲ."

ಅದು ಬೈಗುಳವಾಗಿದ್ದರೆ ಸಹಿಸುತ್ತಿದ್ದೆ. ಇವರು ಮೆತ್ತಗೆ ಹೇಳಿದರು, ಸೋಲುವುದಕ್ಕೆ ಮೊದಲೇ ತಯಾರಾಗಿ ಬಂದವರ ಹಾಗೆ. ನನಗೆ ಸಿಟ್ಟು ನೆತ್ತಿಗೇರಿತು. ಎಡಕ್ಕೆ ಇಟ್ಟ ಹತ್ತನೆಯ ಹೆಜ್ಜೆಯಲ್ಲಿ ಬಾಣ ನೆಟ್ಟಗೆ ನಿಂತಿತು, ಗೆರೆಯ ಮೇಲೆಯೇ.

"ನನಗೆ ಗೊತ್ತುಂಟು" ಎಂದೆ. "ಎಡಕ್ಕೆ."

"ಇಪ್ಪತ್ತು ವರ್ಷ ನಾನು ಬಲಕ್ಕೆ ಹೋದವ."

"ಆ ದಾರಿಯಲ್ಲಿ ಈಗ ಯಾರು ನಡೀತಾರೋ ಗೊತ್ತಿಲ್ಲ. ವಾಡಿಯವರು ನಡೆಯುದು ಎಡಕ್ಕೆ. ಅವರ ಜತೆ ನಾನು ಮೂರು ಸಲ ನಡೆದಿದ್ದೇನೆ."

"ಮೂರು ಸಲ? ಯಾವಾಗ?"

"ತಂಗಿ ಮನೆಗೆ ಹೋದಾಗ."

ಇವರು ಟಾಕಿಗೆ ಒರಗಿ ನಿಂತರು. ನಾನು ಕಾದೆ. ಹುಲ್ಲಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಆಮೇಲೆ ಕೋಲಿನ ಸದ್ದು ನನ್ನ ಕಡೆಗೆ ಬಂತು. ನನ್ನ ಬೆನ್ನಿನ ಚೀಲದ ಪಟ್ಟಿಯನ್ನು ಇವರು ಕೈಯಲ್ಲಿ ಹಿಡಿದುಕೊಂಡರು. ನಾನು ಹೊರಟೆ. ಒಂದೊಂದು ಸೀಳು ಬಂದಾಗಲೂ ನಿಲ್ಲದೆ, ಪರದೆಯ ಮೇಲೆ ಕಣ್ಣಿಟ್ಟು, ಗೆರೆಯಿಂದ ಸರಿದರೆ ಮತ್ತೆ ಗೆರೆಗೆ ಬರುತ್ತಾ ನಡೆದೆ. ಇಪ್ಪತ್ತು ನಿಮಿಷ ಆಗಿರಬೇಕು. ಮೊದಲು ಗೊತ್ತಾದದ್ದು ಇವರಿಗೇ.

"ಒಲೆ ಹೊಗೆ" ಎಂದರು. ಮೂಗು ಎತ್ತಿ ನಿಂತರು. ಹುಂಜವೊಂದು ಕೂಗಿತು. ಮುಂದಿನ ಹತ್ತು ಹೆಜ್ಜೆಗೆ ಆ ದೊಡ್ಡ ಬಂಡೆ ಮಂಜಿನಿಂದ ಹೊರಬಂತು. ಇವರು ಅದರ ಮೇಲೆ ಎರಡೂ ಅಂಗೈ ಊರಿದರು. ತಣ್ಣಗಿನ ಕಲ್ಲನ್ನು ಮೇಲಿನಿಂದ ಕೆಳಗೆ ಸವರಿದರು. ನಾನು ಗೆದ್ದಿದ್ದೆ. ಕುಣಿಯಬೇಕು ಅನ್ನಿಸಿತು. ಯಾರೂ ನೋಡುತ್ತಿರಲಿಲ್ಲ, ಎರಡು ಹೆಜ್ಜೆ ಕುಣಿದೇಬಿಟ್ಟೆ.

ಅವಲಕ್ಕಿ ಡಬ್ಬಿ ಬಿಚ್ಚುವಾಗ ಇವರ ಫೋನು ಹೊಡೆದುಕೊಂಡಿತು. ಗುಡ್ಡದ ಮೇಲೆ ಸಿಗ್ನಲ್ ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಹುಬ್ಬಳ್ಳಿಯವರು. ಇವರು ಸ್ಪೀಕರಿಗೆ ಹಾಕಿದರು.

"ಸರ, ಸಿಮೆಂಟಿನ ಟಾಕಿ ಹತ್ರ ನಿಂತೀವ್ರಿ. ಬಲಕ್ಕ ಹೋಗಿದ್ವಿ, ಮುಂದ ದಾರಿನ ಕುಸದ್ ಬಿಟ್ಟೈತ್ರಿ. ಹೆಂಗೋ ತಿರುಗಿ ಬಂದ್ವಿ. ಮಂಜಿನ್ಯಾಗ ಏನೂ ಕಾಣವಲ್ದು. ನೀವ ಹೇಳ್ರಿ, ಎಲ್ಲಿ ಹೋಗೂಣು?"

ಕುಸಿದ ದಾರಿಯ ಮಾತು ಇಬ್ಬರ ಕಿವಿಗೂ ಬಿದ್ದಿತ್ತು. ಇವರು, "ನನ್ನನ್ನು ಕೇಳ್ಬೇಡಿ ಮಾರಾಯ್ರೆ. ದಾರಿ ಗೊತ್ತಿರುದು ಇವಳಿಗೆ" ಎಂದು ಫೋನನ್ನು ನನ್ನ ಕಡೆಗೆ ಚಾಚಿದರು.

ಮೂವತ್ತು ವರ್ಷದಲ್ಲಿ ಇವರು ನನಗೆ ಸೀರೆ ಕೊಟ್ಟಿದ್ದಾರೆ, ಬಳೆ ಕೊಟ್ಟಿದ್ದಾರೆ. ಆ ಫೋನಿನಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ. "ಅಲ್ಲೇ ನಿಲ್ಲಿ, ಒಬ್ಬರೂ ಕದಲಬೇಡಿ. ನಾನು ಬರ್ತೇನೆ" ಎಂದೆ.

ಆದರೆ ಇವರನ್ನು ಒಬ್ಬರನ್ನೇ ಬಿಟ್ಟು ಹೋಗುವುದು ಹೇಗೆ? ವಾಡಿಯ ಮೊದಲ ಗುಡಿಸಲು ಕೂಗಿದರೆ ಕೇಳುವ ದೂರದಲ್ಲಿತ್ತು, ನಿಜ. ಆದರೂ ಕಾಲು ಏಳಲಿಲ್ಲ. "ನಿಮಗೆ ಹೆದರಿಕೆ ಆಗುದಿಲ್ವಾ?" ಎಂದು ಕೇಳಿದೆ.

"ಎಂತಕ್ಕೆ? ನೀನು ವಾಪಸು ಬರ್ತೀಯಲ್ಲ."

ಬಂದ ದಾರಿಯಲ್ಲೇ ಹಿಂದಕ್ಕೆ ಎಂದು ಯಂತ್ರಕ್ಕೆ ಹೇಳಿ, ಆ ಬಿಳಿಯೊಳಗೆ ಒಬ್ಬಳೇ ನಡೆದೆ. ಯಾರ ಹಿಮ್ಮಡಿಯೂ ಮುಂದಿರಲಿಲ್ಲ. ಹೆದರಿಕೆ ಇತ್ತು, ಆದರೆ ಅದು ಕಾಲಿನವರೆಗೆ ಇಳಿಯಲಿಲ್ಲ. ಟಾಕಿಯ ಹತ್ತಿರ ಹನ್ನೊಂದು ಜನ ಒದ್ದೆ ಕೋಳಿಗಳ ಹಾಗೆ ಮುದುಡಿ ನಿಂತಿದ್ದರು. "ಅಕ್ಕಾರ, ನೀವಾ?" ಎಂದರು ಹುಬ್ಬಳ್ಳಿಯವರು. ನಾನೇ ಎಂದೆ. ಅವರನ್ನು ಬೆನ್ನಿಗೆ ಕಟ್ಟಿಕೊಂಡು ಮತ್ತೆ ಬಂಡೆಯ ಬಳಿಗೆ ಬಂದಾಗ ಇವರು ಎದ್ದು ನಿಂತಿದ್ದರು. ಹೆಜ್ಜೆಗಳ ಸದ್ದಿಗೆ ಮುಖ ತಿರುಗಿಸಿ, ತಲೆ ಓರೆ ಮಾಡಿ ನನ್ನನ್ನು ಕಣ್ಣಂಚಿನಲ್ಲಿ ಹಿಡಿದುಕೊಂಡರು.

ತಿಂಡಿಯಾಗಿ ಇಳಿಯುವ ಹೊತ್ತಿಗೂ ಮಂಜು ಪೂರ್ತಿ ಎದ್ದಿರಲಿಲ್ಲ. ಹುಬ್ಬಳ್ಳಿಯವರು ಅಭ್ಯಾಸದಂತೆ ಮುಂದೆ ಹೋಗಿ ನಿಂತರು. ಆಗ ಇವರು ಕೋಲನ್ನು ಬಂಡೆಗೆ ಎರಡು ಸಲ ಕುಟ್ಟಿದರು. ಒಂದು ವರ್ಷದಿಂದ ನಾನು ಕೇಳದಿದ್ದ ಆ ಮುಂದಾಳಿನ ದನಿಯಲ್ಲಿ, ಇಡೀ ಬಯಲಿಗೆ ಕೇಳುವ ಹಾಗೆ ಹೇಳಿದರು:

"ಎಲ್ಲರೂ ಇವಳ ಹಿಂದೆ. ಒಬ್ಬರೂ ಮುಂದೆ ಹೋಗುವ ಹಾಗಿಲ್ಲ. ಎರಡನೆಯವ ನಾನು."

ಹುಬ್ಬಳ್ಳಿಯವರು ನಗುತ್ತಾ ಪಕ್ಕಕ್ಕೆ ಸರಿದರು. ನಾನು ಸಾಲಿನ ಮುಂದೆ ಬಂದು ನಿಂತು, ನಾಲ್ಕು ಹೆಜ್ಜೆ ನಡೆದು ಬಾಣ ನೆಟ್ಟಗಾದದ್ದನ್ನು ನೋಡಿ, ಗುಡ್ಡ ಇಳಿಯಲು ಶುರುಮಾಡಿದೆ.